ಹಾಲುಹಲ್ಲು ನುಡಿದ ಸಾಕ್ಷಿ

ಮಗುವಿನ ಹಾಲುಹಲ್ಲು ಬಿದ್ದರೆ ಅದನ್ನು ಸಗಣಿಯ ಉಂಡೆಯೊಳಗಿಟ್ಟು ಮಾಡಿನ ಮೇಲೆ ಎಸೆಯುವುದು ಕನ್ನಡ ನಾಡಿನ ಅನೇಕ ಮನೆಗಳ ವಾಡಿಕೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ತಾಯಂದಿರು 1958ರ ಕೊನೆಯಿಂದ ಆ ಹಲ್ಲುಗಳನ್ನು ಜೋಪಾನವಾಗಿ ಕಾಗದದಲ್ಲಿ ಸುತ್ತಿ, ಮಗು ಹುಟ್ಟಿದ ದಿನ, ಬೆಳೆದ ಊರು, ಕುಡಿದ ಹಾಲು ಯಾವುದೆಂಬ ವಿವರಗಳನ್ನು ಬರೆದು, ವಿಜ್ಞಾನಿಗಳಿಗೆ ಅಂಚೆಯಲ್ಲಿ ಕಳುಹಿಸತೊಡಗಿದರು. ಹಲ್ಲು ಕೊಟ್ಟ ಮಗುವಿಗೆ ಅಂಗಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯೊಂದು ಬಹುಮಾನ. 1970ರವರೆಗೆ ಹೀಗೆ ಕೂಡಿದ ಹಲ್ಲುಗಳ ಸಂಖ್ಯೆ ಮೂರು ಲಕ್ಷವನ್ನೂ ಮೀರಿತು. ಅಣ್ವಸ್ತ್ರ ಪರೀಕ್ಷೆಗಳಿಗೆ ಕಡಿವಾಣ ಹಾಕಿದ ಮೊದಲ ಒಡಂಬಡಿಕೆಯ ಕಥೆಯಲ್ಲಿ ಈ ಪುಟ್ಟ ಹಲ್ಲುಗಳಿಗೂ ಪಾತ್ರವುಂಟು.

ಸಾಗರದ ಮೇಲೆ ಬಿದ್ದ ಬೂದಿ

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಜಲಜನಕ ಬಾಂಬೊಂದನ್ನು ಸಿಡಿಸಿತು. ಅದರ ಶಕ್ತಿ 15 ಮೆಗಾಟನ್. ಹಿರೋಷಿಮಾವನ್ನು ಸುಟ್ಟ ಬಾಂಬಿಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಅದನ್ನು ರಚಿಸಿದವರೇ ಅಷ್ಟನ್ನು ನಿರೀಕ್ಷಿಸಿರಲಿಲ್ಲ. ಅಪಾಯದ ಪ್ರದೇಶವೆಂದು ಸಾರಿದ್ದ ಗಡಿಯ ಆಚೆಗಿದ್ದ ಜಪಾನಿನ ಮೀನುಗಾರಿಕೆಯ ದೋಣಿಯೊಂದರ ಮೇಲೆ ಕೆಲವು ಗಂಟೆಗಳ ಬಳಿಕ ಬಿಳಿಯ ಬೂದಿ ಸುರಿಯಿತು. ದೋಣಿಯಲ್ಲಿದ್ದ 23 ಮಂದಿಯೂ ವಿಕಿರಣದಿಂದ ಅಸ್ವಸ್ಥರಾದರು. ಅವರಲ್ಲಿ ರೇಡಿಯೋ ನಿರ್ವಾಹಕನಾಗಿದ್ದ ಕುಬೊಯಾಮ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ರಾಂಗೆಲಾಪ್ ದ್ವೀಪದ ನಿವಾಸಿಗಳ ಮೇಲೂ ಆ ಬೂದಿ ಬಿದ್ದಿತ್ತು.

ಸುದ್ದಿ ಜಗತ್ತನ್ನೇ ಬೆಚ್ಚಿಬೀಳಿಸಿತು. ಒಂದು ತಿಂಗಳು ಕಳೆಯುತ್ತಿದ್ದಂತೆ, ಏಪ್ರಿಲ್ 2ರಂದು, ಪ್ರಧಾನಿ ಜವಾಹರಲಾಲ ನೆಹರೂ ಅವರು ಪಾರ್ಲಿಮೆಂಟಿನಲ್ಲಿ ಒಂದು ಸಲಹೆಯನ್ನು ಮುಂದಿಟ್ಟರು. ಸಂಪೂರ್ಣ ನಿಶ್ಶಸ್ತ್ರೀಕರಣಕ್ಕೆ ಕಾಲ ಹಿಡಿಯುವುದಾದರೆ ಹಿಡಿಯಲಿ. ಅಷ್ಟರವರೆಗೆ ಕಡೆಯ ಪಕ್ಷ ಈ ಪರೀಕ್ಷಾಸ್ಫೋಟಗಳಾದರೂ ನಿಲ್ಲಲಿ ಎಂಬುದು ಅದರ ಸಾರ. ಅಂದು ದೊಡ್ಡ ರಾಷ್ಟ್ರಗಳು ಅದಕ್ಕೆ ಕಿವಿಗೊಡಲಿಲ್ಲ.

ಹುಲ್ಲಿನಿಂದ ಹಲ್ಲಿಗೆ

ಸ್ಫೋಟದಲ್ಲಿ ಹುಟ್ಟುವ ವಿಕಿರಣ ವಸ್ತುಗಳಲ್ಲಿ ಸ್ಟ್ರಾನ್ಷಿಯಂ-90 ಎಂಬುದೊಂದು. ಅದು ಗಾಳಿಯೊಡನೆ ದೇಶದೇಶಗಳನ್ನು ಸುತ್ತಿ, ಮಳೆಯೊಡನೆ ಹುಲ್ಲಿಗೆ ಇಳಿಯುತ್ತದೆ. ಹುಲ್ಲು ಮೇದ ಹಸುವಿನ ಹಾಲಿನಲ್ಲಿ ಅದು ಸೇರುತ್ತದೆ. ರಾಸಾಯನಿಕ ಗುಣದಲ್ಲಿ ಅದು ಕ್ಯಾಲ್ಸಿಯಂ ಅನ್ನು ಹೋಲುವುದರಿಂದ, ಬೆಳೆಯುವ ಮಗುವಿನ ದೇಹವು ಮೋಸಹೋಗಿ ಅದನ್ನು ಎಲುಬು ಹಲ್ಲುಗಳಲ್ಲಿ ಸಂಗ್ರಹಿಸಿಡುತ್ತದೆ. ಅದರ ಶಕ್ತಿ ಅರ್ಧಕ್ಕೆ ಇಳಿಯಲು ಸುಮಾರು 29 ವರ್ಷಗಳು ಬೇಕು.

ಸೇಂಟ್ ಲೂಯಿಸ್‌ನ ವೈದ್ಯೆ ಲೂಯಿಸ್ ರೈಸ್ ಅವರ ನೇತೃತ್ವದಲ್ಲಿ ನಡೆದ ಪರಿಶೀಲನೆಯ ಮೊದಲ ಫಲಿತಾಂಶ 1961ರಲ್ಲಿ ಪ್ರಕಟವಾಯಿತು. ಪರೀಕ್ಷಾಸ್ಫೋಟಗಳು ಹೆಚ್ಚಿದಂತೆಲ್ಲ ಮಕ್ಕಳ ಹಲ್ಲಿನಲ್ಲಿ ಆ ವಿಷವೂ ಏರುತ್ತ ಬಂದುದನ್ನು ಅದು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿತು. ಅದೇ ವರ್ಷದ ಅಕ್ಟೋಬರ್ 30ರಂದು ಸೋವಿಯತ್ ರಷ್ಯವು ಸುಮಾರು 50 ಮೆಗಾಟನ್ ಶಕ್ತಿಯ ಬಾಂಬನ್ನು ಸಿಡಿಸಿತು. ಎರಡು ದಿನಗಳ ತರುವಾಯ ಅಮೆರಿಕದ ಹಲವು ನಗರಗಳಲ್ಲಿ ಸಾವಿರಾರು ಗೃಹಿಣಿಯರು ಮನೆಗೆಲಸವನ್ನು ಬಿಟ್ಟು ಬೀದಿಗಿಳಿದು ಮೆರವಣಿಗೆ ನಡೆಸಿದರು.

1962ರ ಕ್ಯೂಬಾ ಬಿಕ್ಕಟ್ಟು ಎರಡೂ ಬಣಗಳ ನಾಯಕರಿಗೆ ವಿವೇಕವನ್ನು ಕಲಿಸಿತು. 1963ರ ಆಗಸ್ಟ್ 5ರಂದು ಅಮೆರಿಕ, ರಷ್ಯ ಮತ್ತು ಬ್ರಿಟನ್ನುಗಳು ಮಾಸ್ಕೋದಲ್ಲಿ ಒಡಂಬಡಿಕೆಗೆ ಸಹಿ ಹಾಕಿದವು. ಮೂರೇ ದಿನಗಳಲ್ಲಿ ಭಾರತವೂ ಸಹಿ ಹಾಕಿತು. ವಾಯುಮಂಡಲದಲ್ಲಾಗಲಿ, ನೀರಿನೊಳಗಾಗಲಿ, ಬಾಹ್ಯಾಕಾಶದಲ್ಲಾಗಲಿ ಅಣ್ವಸ್ತ್ರ ಪರೀಕ್ಷೆ ಕೂಡದೆಂದು ಅದು ವಿಧಿಸಿತು.

ನೆಲದಡಿಯ ಕಂಡಿ

ಆದರೆ ನೆಲದೊಳಗಿನ ಪರೀಕ್ಷೆ ಮಾತ್ರ ಹೊರಗುಳಿಯಿತು. ಭೂಮಿ ನಡುಗಿದರೆ ಅದು ಭೂಕಂಪವೋ ಬಾಂಬೋ ಎಂಬುದನ್ನು ಸ್ಥಳಕ್ಕೇ ಹೋಗಿ ನೋಡಬೇಕೆಂಬುದು ಅಮೆರಿಕದ ವಾದ. ಅದು ಬೇಹುಗಾರಿಕೆಗೆ ನೆಪವೆಂಬುದು ರಷ್ಯದ ಶಂಕೆ. ವರ್ಷಕ್ಕೆ ಮೂರು ತನಿಖೆಗಳಿಗಿಂತ ಹೆಚ್ಚಿಗೆ ಒಬ್ಬರು ಒಪ್ಪಲಿಲ್ಲ. ಏಳಕ್ಕಿಂತ ಕಡಿಮೆಗೆ ಇನ್ನೊಬ್ಬರು ಇಳಿಯಲಿಲ್ಲ. ಈ ಚೌಕಾಸಿಯಲ್ಲಿ ಉಳಿದ ಕಂಡಿಯ ಮೂಲಕ ಮುಂದೆ ಸಾವಿರಕ್ಕೂ ಮಿಕ್ಕ ಸ್ಫೋಟಗಳು ನೆಲದಡಿಯಲ್ಲಿ ನಡೆದವು.

ಹಾಗಾದರೆ ದೂರದಿಂದಲೇ ಕಂಡುಹಿಡಿಯುವ ಬಗೆ ಹೇಗೆ? ಇದಕ್ಕೆ ಉತ್ತರ ಹುಡುಕಿದ ಸ್ಥಳಗಳಲ್ಲೊಂದು ಬೆಂಗಳೂರಿನ ಉತ್ತರಕ್ಕಿರುವ ಗೌರಿಬಿದನೂರು. ಅಲ್ಲಿ 1965ರಲ್ಲಿ, ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರದ ಸಹಕಾರದೊಡನೆ, ಗಟ್ಟಿ ಬಂಡೆಯ ನೆಲದಲ್ಲಿ 20 ಭೂಕಂಪಮಾಪಕಗಳನ್ನು ಲಂಬಕೋನದ ಎರಡು ಸಾಲುಗಳಲ್ಲಿ ಹೂಳಲಾಯಿತು. ದೂರದ ಕಂಪನವು ಒಂದೊಂದು ಮಾಪಕವನ್ನು ತಲುಪುವ ಹೊತ್ತಿನಲ್ಲಿ ತುಸುತುಸು ವ್ಯತ್ಯಾಸವಿರುತ್ತದೆ. ಆ ವ್ಯತ್ಯಾಸವೇ ಅದು ಬಂದ ದಿಕ್ಕನ್ನು ಹೇಳುತ್ತದೆ. ಸ್ಫೋಟವು ಸುತ್ತಲಿನ ಬಂಡೆಯನ್ನು ಎಲ್ಲ ಕಡೆಗೂ ಒಮ್ಮೆಗೇ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆಗಳು ಒಂದಕ್ಕೊಂದು ಉಜ್ಜಿ ಜಾರುತ್ತವೆ. ಎರಡರ ಅಲೆಗಳೂ ಬೇರೆ ಬೇರೆ. ತಿಳಿದವರಿಗೆ ಅವನ್ನು ಗುರುತಿಸುವುದು ಸಾಧ್ಯವಾಯಿತು.

ಕಿವಿಯುಂಟು, ಕೌಲಿಲ್ಲ

ಎಲ್ಲ ಬಗೆಯ ಪರೀಕ್ಷೆಗಳನ್ನೂ ನಿಷೇಧಿಸುವ ಒಡಂಬಡಿಕೆಯನ್ನು ವಿಶ್ವಸಂಸ್ಥೆಯು 1996ರಲ್ಲಿ ಅಂಗೀಕರಿಸಿತು. ಅದರ ಕಾವಲಿಗೆಂದು ಜಗತ್ತಿನಾದ್ಯಂತ 337 ಕೇಂದ್ರಗಳ ಜಾಲವನ್ನು ಯೋಜಿಸಲಾಯಿತು. 2006ರಿಂದ 2017ರವರೆಗೆ ಉತ್ತರ ಕೊರಿಯ ನಡೆಸಿದ ಆರು ಸ್ಫೋಟಗಳನ್ನೂ ಆ ಜಾಲ ಪತ್ತೆಮಾಡಿತು. ಆದರೂ ಒಡಂಬಡಿಕೆ ಜಾರಿಗೆ ಬಂದಿಲ್ಲ. ಅದಕ್ಕೆ ಹೆಸರಿಸಿದ 44 ರಾಷ್ಟ್ರಗಳೂ ಸ್ಥಿರೀಕರಿಸಬೇಕು. ಅಮೆರಿಕದ ಸೆನೆಟ್ 1999ರಲ್ಲಿ ನಿರಾಕರಿಸಿತು. ರಷ್ಯವು ಕೊಟ್ಟಿದ್ದ ಸ್ಥಿರೀಕರಣವನ್ನು 2023ರಲ್ಲಿ ಹಿಂತೆಗೆದುಕೊಂಡಿತು. ಅಣ್ವಸ್ತ್ರಗಳನ್ನೇ ಕಾಲಮಿತಿಯೊಳಗೆ ತೊಡೆದುಹಾಕುವ ಮಾತು ಅದರಲ್ಲಿಲ್ಲವೆಂದು ಭಾರತ ಸಹಿ ಹಾಕಲಿಲ್ಲ. 1998ರಲ್ಲಿ ಪೋಖರಣದಲ್ಲಿ ಪರೀಕ್ಷೆ ನಡೆಸಿದ ಬಳಿಕ, ಇನ್ನು ಮುಂದೆ ಮಾಡುವುದಿಲ್ಲವೆಂದು ತಾನಾಗಿಯೇ ಸಾರಿತು. ಹೀಗಾಗಿ, ಕಿವಿಗೊಟ್ಟು ಆಲಿಸಿದ ಮೊದಲಿಗರಲ್ಲಿ ಒಂದಾದ ಗೌರಿಬಿದನೂರು ಆ ಜಾಲದ ಹೊರಗೇ ಉಳಿದಿದೆ. ಅಮೆರಿಕ ಮತ್ತು ರಷ್ಯಗಳ ಸಿಡಿತಲೆಗಳಿಗೆ ಮಿತಿ ಹಾಕಿದ್ದ 2010ರ ಒಪ್ಪಂದದ ಅವಧಿಯೂ 2026ರ ಫೆಬ್ರವರಿ 5ಕ್ಕೆ ತೀರಿತು.

ಆದರೂ 1963ರ ಸಹಿ ವ್ಯರ್ಥವಾಗಲಿಲ್ಲ. ಅದಕ್ಕೆ ಒಪ್ಪದ ಫ್ರಾನ್ಸ್ 1974ರಲ್ಲಿ ವಾಯುಮಂಡಲದ ಪರೀಕ್ಷೆಯನ್ನು ಕೈಬಿಟ್ಟಿತು. ಚೀನವು ಕಡೆಯ ಬಾರಿ ಸಿಡಿಸಿದುದು 1980ರಲ್ಲಿ. ಅಲ್ಲಿಂದೀಚೆಗೆ ಯಾವ ದೇಶವೂ ವಾಯುಮಂಡಲದಲ್ಲಿ ಬಾಂಬನ್ನು ಸಿಡಿಸಿಲ್ಲ. ಅಂದು ತಾಯಂದಿರನ್ನು ಬೀದಿಗೆ ಕರೆದುದು ಹಾಲಿನ ಲೋಟದೊಳಗಿದ್ದ ಭಯ. ನೆಲದಡಿಯ ಸ್ಫೋಟ ಸಾಮಾನ್ಯವಾಗಿ ಹಾಲನ್ನು ಸೋಕುವುದಿಲ್ಲ; ಉಳಿದರ್ಧ ಕೆಲಸ ಇಷ್ಟು ಕಾಲ ಹಾಗೆಯೇ ಬಿದ್ದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.