ಕಾರ್ಖಾನೆಯ ನೆಲದಡಿಯ ನೀರು

ಕಾರ್ಖಾನೆಯ ಕೆಲಸಕ್ಕೂ ಕಾರ್ಮಿಕರ ಕುಡಿಯುವ ನೀರಿಗೂ ಒಂದೇ ಕೊಳವೆ ಬಾವಿಯನ್ನು ಅವಲಂಬಿಸಿರುವ ಸಣ್ಣ ಘಟಕಗಳು ನಮ್ಮಲ್ಲಿ ಅನೇಕ. ಆ ನೀರು ಕೆಟ್ಟರೆ ದೂರದ ಯಾವುದೋ ದೊಡ್ಡ ಕಾರ್ಖಾನೆಯೇ ಕಾರಣವೆಂದು ಭಾವಿಸುವುದು ವಾಡಿಕೆ. ವಾಸ್ತವದಲ್ಲಿ ಎಷ್ಟೋ ಬಾರಿ ದೋಷದ ಮೂಲವು ನಮ್ಮ ಆವರಣದಲ್ಲಿಯೇ ಅಥವಾ ಪಕ್ಕದ ಶೆಡ್ಡಿನಲ್ಲಿಯೇ ಇರುತ್ತದೆ: ಬಿರುಕು ಬಿಟ್ಟ ತೊಟ್ಟಿ, ಬಯಲಿನಲ್ಲಿ ನಿಲ್ಲಿಸಿದ ರಾಸಾಯನಿಕದ ಡ್ರಮ್ಮು, ಇಂಗುಗುಂಡಿಗೆ ಹರಿಯುವ ತ್ಯಾಜ್ಯ ನೀರು, ಬತ್ತಿದ ಮೇಲೆ ಬಾಯಿ ತೆರೆದೇ ಬಿಟ್ಟ ಕೊಳವೆ ಬಾವಿ.

ಕರ್ನಾಟಕದ ಬಹುಭಾಗದಲ್ಲಿ ಅಂತರ್ಜಲವು ಶಿಥಿಲ ಶಿಲೆಯ ಪದರದಲ್ಲಿಯೂ ಅದರ ಕೆಳಗಿನ ಗಟ್ಟಿ ಬಂಡೆಯ ಬಿರುಕುಗಳಲ್ಲಿಯೂ ನಿಂತಿರುತ್ತದೆ. ಮಣ್ಣು ಮರಳುಗಳು ಅಷ್ಟಿಷ್ಟು ಸೋಸಿ ಕೊಡುವಂತೆ ಬಂಡೆಯ ಬಿರುಕು ಸೋಸಿ ಕೊಡುವುದಿಲ್ಲ. ಮಲಿನ ದ್ರವವು ಬಿರುಕು ಹೋದತ್ತ ಹೋಗುತ್ತದೆ. ಆದುದರಿಂದ ಹತ್ತಿರದ ಬಾವಿ ಶುದ್ಧವಾಗಿದ್ದು ದೂರದ ಬಾವಿ ಕೆಡುವುದೂ ಉಂಟು.

ಲೋಹಲೇಪನ ಘಟಕಗಳು ಈ ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಕ್ರೋಮ್ ಲೇಪನದಲ್ಲಿ ಬಳಕೆಯಾಗುವ ಹೆಕ್ಸಾವೇಲೆಂಟ್ ಕ್ರೋಮಿಯಂ ನೀರಿನಲ್ಲಿ ಸುಲಭವಾಗಿ ಕರಗಿ ದೂರ ಸಾಗುವಂಥದು, ಕ್ಯಾನ್ಸರ್‌ಕಾರಕವೂ ಹೌದು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಅದು ಸೇರಿರುವುದು ದಾಖಲಾಗಿದೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ನೀರು ಹಳದಿಯಾಗಿ ಕಾಣುವ ಹೊತ್ತಿಗೆ ಈ ಮಿತಿ ಹಲವು ಪಟ್ಟು ಮೀರಿರುತ್ತದೆ. ಇದರ ಸಂಸ್ಕರಣೆ ಕಠಿಣವೇನಲ್ಲ. ತೊಳೆದ ನೀರನ್ನು ಆಮ್ಲೀಯಗೊಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್‌ನಿಂದ ಕ್ರೋಮಿಯಂ ಅನ್ನು ಕಡಿಮೆ ಅಪಾಯದ ಟ್ರೈವೇಲೆಂಟ್ ರೂಪಕ್ಕೆ ತಂದು, ಬಳಿಕ ಸುಣ್ಣ ಬೆರೆಸಿದರೆ ಅದು ಕೆಸರಾಗಿ ತಳಕ್ಕಿಳಿಯುತ್ತದೆ. ಆ ಕೆಸರು ಅಪಾಯಕಾರಿ ತ್ಯಾಜ್ಯ. ಅನುಮತಿ ಪಡೆದ ವಿಲೇವಾರಿ ಕೇಂದ್ರಕ್ಕೇ ಹೋಗಬೇಕೇ ಹೊರತು ಹಿತ್ತಲಿಗಲ್ಲ.

ಟಿಡಿಎಸ್ ಮೀಟರನ್ನು ಅದ್ದಿ ನೋಡಿ ನೀರು ಚೆನ್ನಾಗಿದೆ ಎಂದು ತೀರ್ಮಾನಿಸುವವರಿದ್ದಾರೆ. ಆ ಮೀಟರು ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ. ನೂರಾರು ಮಿಲಿಗ್ರಾಂ ಲವಣದ ನಡುವೆ 0.05 ಮಿಲಿಗ್ರಾಂ ಕ್ರೋಮಿಯಂ ಅದಕ್ಕೆ ಕಾಣದು. ರೋಗಾಣುಗಳಂತೂ ಕಾಣುವುದೇ ಇಲ್ಲ.

ಎಲ್ಲ ದೋಷವನ್ನೂ ಉದ್ಯಮದ ಮೇಲೆ ಹೊರಿಸುವುದು ನ್ಯಾಯವಲ್ಲ. ಕೋಲಾರದ ಕಡೆ ನೀರಿನಲ್ಲಿರುವ ಫ್ಲೋರೈಡ್ ಬಂಡೆಯಿಂದಲೇ ಬಂದದ್ದು. ಶೌಚಗುಂಡಿ ಹಾಗೂ ರಸಗೊಬ್ಬರಗಳಿಂದ ನೈಟ್ರೇಟ್ ಸೇರುತ್ತದೆ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಮಾತ್ರ ಇನ್ನಷ್ಟು ಸಾಂದ್ರವಾಗುತ್ತದೆ.

ಇನ್ನು ವೆಚ್ಚದ ಮಾತು. ರಾಜಸ್ಥಾನದ ಉದಯಪುರದ ಬಳಿಯ ಬಿಚ್ಛ್ರಿ ಗ್ರಾಮದಲ್ಲಿ 1980ರ ದಶಕದ ಕೊನೆಯಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ ಎಚ್-ಆಸಿಡ್ ತಯಾರಾಯಿತು. ಉತ್ಪಾದನೆ ಸುಮಾರು 375 ಟನ್ನು ಮಾತ್ರ. ಉಳಿದ ಕೆಸರು ಸುಮಾರು 2,400 ಟನ್ನು. ಅದು ನೆಲಕ್ಕಿಳಿದು ಸುತ್ತಲಿನ ಬಾವಿಗಳ ನೀರು ಬಳಕೆಗೆ ಬಾರದಾಯಿತು. ಮಾಲಿನ್ಯ ಮಾಡಿದವರೇ ಪರಿಹಾರದ ವೆಚ್ಚ ಭರಿಸಬೇಕೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2011ರಲ್ಲಿ, ಸುಮಾರು 37 ಕೋಟಿ ರೂಪಾಯಿಗಳನ್ನು ಚಕ್ರಬಡ್ಡಿ ಸಹಿತ ಪಾವತಿಸುವಂತೆ ಆದೇಶಿಸಿತು. ಅಲ್ಪಕಾಲದ ಉತ್ಪಾದನೆಯ ಲಾಭ ಅದರ ಮುಂದೆ ಎಷ್ಟೆಂಬುದನ್ನು ವರ್ತಕರಿಗೆ ಬೇರೆ ಹೇಳಬೇಕಿಲ್ಲ.

ಇದಕ್ಕೆ ಹೋಲಿಸಿದರೆ ಮುನ್ನೆಚ್ಚರಿಕೆಯ ಖರ್ಚು ಅಲ್ಪ. ರಾಸಾಯನಿಕದ ತೊಟ್ಟಿ, ಡ್ರಮ್ಮುಗಳ ಸುತ್ತ ಸೋರದ ನೆಲವೂ ಸೋರಿದ್ದು ಹೊರಹೋಗದಂತೆ ಕಟ್ಟೆಯೂ ಇರಬೇಕು. ಕುಡಿಯುವ ನೀರಿನ ಕೊಳವೆ ಬಾವಿಗೆ ಶಿಥಿಲ ಪದರ ದಾಟುವವರೆಗೆ ಕೇಸಿಂಗ್ ಇಳಿಸಿ, ಅದರ ಹೊರಸುತ್ತಿಗೆ ಸಿಮೆಂಟ್ ತುಂಬಿಸಬೇಕು. ಮಳೆನೀರು ಇಂಗಿಸುವ ಉತ್ಸಾಹದಲ್ಲಿ ಎಣ್ಣೆ, ಲೋಹದ ಪುಡಿ ಬಿದ್ದ ಅಂಗಳದ ನೀರನ್ನು ಬಾವಿಗೆ ತಿರುಗಿಸಬಾರದು; ಸ್ವಚ್ಛ ಚಾವಣಿಯ ನೀರು, ಅದೂ ಸೋಸಿದ ಬಳಿಕ, ಸಾಕು. ಬತ್ತಿದ ಬಾವಿಗೆ ತ್ಯಾಜ್ಯ ನೀರು ಬಿಡುವುದಂತೂ 1974ರ ಜಲಮಾಲಿನ್ಯ ಕಾಯಿದೆಯಡಿ ನಿಷಿದ್ಧ. ಅಂಥ ಬಾವಿಯನ್ನು ಶಾಶ್ವತವಾಗಿ ಮುಚ್ಚಿಸಬೇಕು.

ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರವೊಮ್ಮೆ ನೀರನ್ನು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು ಉಚಿತ. ತಮ್ಮ ಘಟಕದಲ್ಲಿ ಬಳಸುವ ರಾಸಾಯನಿಕಗಳ ಪಟ್ಟಿಯನ್ನು ಮಾದರಿಯೊಂದಿಗೇ ಕೊಡಿ. ಯಾವುದನ್ನು ಹುಡುಕಬೇಕೆಂದು ತಿಳಿಸದಿದ್ದರೆ ಸಾಮಾನ್ಯ ಪರೀಕ್ಷೆಯ ವರದಿಯಷ್ಟೇ ಕೈಸೇರುತ್ತದೆ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ನೀಡುವ ಕ್ರಿಮಿಶುದ್ಧ ಬಾಟಲಿಯಲ್ಲಿ ನೀರು ಹಿಡಿದು, ತಂಪಾಗಿಟ್ಟು, ಅದೇ ದಿನ ತಲಪಿಸುವುದು ಲೇಸು.