ಸರ್ವರ್ ಮನೆಯಲ್ಲೇ ಇದೆ, ಹಾಸ್ಟೆಲ್‌ನಿಂದ ಯಾಕೆ ಸಿಗ್ತಿಲ್ಲ?

ಈ ಸಲದ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಸೇರಿ ಒಂದು ಸಣ್ಣ ಕೆಲಸ ಹಿಡಿದಿದ್ದೆವು. ನಮ್ಮಲ್ಲೊಬ್ಬನ ಊರು ತಿಪಟೂರಿನ ಹತ್ತಿರ. ತೆಂಗಿನ ತೋಟ, ಒಂದು ಬೋರ್‌ವೆಲ್. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ ಅಂತ ಅವರಪ್ಪ ರಾತ್ರಿ ಎದ್ದೆದ್ದು ನೋಡಬೇಕು. ಇದನ್ನು ದಾಖಲಿಸಿ ಫೋನಿನಲ್ಲಿ ತೋರಿಸಿದರೆ ಹೇಗೆ ಅನ್ನೋದು ನಮ್ಮ ಯೋಚನೆ. ಸ್ಟಾರ್ಟರ್ ಪಕ್ಕ ಒಂದು ಇಎಸ್‌ಪಿ 32 ಬೋರ್ಡ್ ಕೂರಿಸಿದೆವು. ಅದು ಕಳಿಸುವ ರೀಡಿಂಗ್‌ಗಳನ್ನು ಹಿಡಿದಿಡಲು ಮನೆಯ ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದೆವು. 8080ನೇ ಪೋರ್ಟ್‌ನಲ್ಲಿ ಒಂದು ವೆಬ್ ಪುಟ, ಅದರಲ್ಲಿ ಗ್ರಾಫ್. ದಸರಾ ರಜೆಯಲ್ಲಿ ಎಲ್ಲ ಜೋಡಿಸಿ, ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಹಾಕಿ, ಮನೆಯ ವೈಫೈನಲ್ಲಿ ತೆರೆದು ನೋಡಿದಾಗ ಗ್ರಾಫ್ ಚೆನ್ನಾಗಿ ಬಂತು. ಅವರಪ್ಪನಿಗೂ ಖುಷಿಯಾಯ್ತು.

ಹಾಸ್ಟೆಲ್‌ಗೆ ಬಂದು ತೆರೆದರೆ ಪುಟ ಸುತ್ತುತ್ತಲೇ ಇದೆ. ಆವತ್ತು ಶುಕ್ರವಾರ ರಾತ್ರಿ, ಸೋಮವಾರ ರಿವ್ಯೂ. ತೋರಿಸಬೇಕಾದ ಡೇಟಾ ಎಲ್ಲ ಆ ಲ್ಯಾಪ್‌ಟಾಪ್‌ನಲ್ಲಿದೆ.

ಆಗ ನಾವು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಪಿಯುಸಿ ಓದುತ್ತಿರುವ ಗೆಳೆಯನ ತಂಗಿಗೆ ಫೋನ್ ಮಾಡಿ ಪೋರ್ಟ್ ನಂಬರ್ ಬದಲಿಸು ಅಂದೆವು, ಫೈರ್‌ವಾಲ್ ತೆಗಿ ಅಂದೆವು, ರೌಟರ್ ಆಫ್ ಮಾಡಿ ಆನ್ ಮಾಡು ಅಂದೆವು. ಎರಡು ಗಂಟೆ ಕಳೆಯುವಷ್ಟರಲ್ಲಿ ಏನೇನು ಬದಲಿಸಿದ್ದೇವೆ ಅನ್ನೋದು ನಮಗೇ ಮರೆತುಹೋಗಿತ್ತು. ಕೊನೆಗೆ ಅವಳೇ, "ಅಣ್ಣಾ, ಏನು ಬೇಕು ಅಂತ ಮೊದಲು ನೀವು ತೀರ್ಮಾನ ಮಾಡ್ಕೊಂಡು ಆಮೇಲೆ ಫೋನ್ ಮಾಡು. ನಂಗೂ ನಾಳೆ ಟೆಸ್ಟ್ ಇದೆ ಕಣೋ" ಅಂದಳು.

ಅವಳು ಹೇಳಿದ್ದು ಸರಿ. ಶನಿವಾರ ಬೆಳಗ್ಗೆ ಒಂದು ಹಾಳೆ ತಗೊಂಡು ಕೂತೆವು. ಆವತ್ತು ನಾವು ಕಲಿತದ್ದನ್ನೇ ಇಲ್ಲಿ ಬರೆದಿದ್ದೇವೆ.

ಗೇಟಿನ ಲೆಕ್ಕ

ಮೊದಲು ದಾರಿ ಅರ್ಥವಾಗಬೇಕು. ನಮ್ಮ ಹಾಸ್ಟೆಲ್ ಗೇಟನ್ನೇ ತಗೊಳ್ಳಿ. ಹೊರಗಿನವರಿಗೆ ಗೊತ್ತಿರೋದು ಹಾಸ್ಟೆಲ್‌ನ ವಿಳಾಸ ಒಂದೇ. ರೂಮ್ ನಂಬರ್‌ಗಳು ಒಳಗಿನ ವಿಷಯ. ನೀವೇ ಊಟ ಆರ್ಡರ್ ಮಾಡಿ, ಗೇಟಿನ ಸೆಕ್ಯುರಿಟಿ ಅಣ್ಣನಿಗೆ ಹೇಳಿಟ್ಟಿದ್ದರೆ ಡೆಲಿವರಿಯವನು ಬಂದಾಗ ಒಳಗೆ ಬಿಡುತ್ತಾರೆ. ಯಾರೂ ಹೇಳದೆ ಒಬ್ಬ ಬಂದು ನಿಂತರೆ "ಯಾರ ರೂಮಿಗೆ?" ಅಂತ ಕೇಳಿ ವಾಪಸ್ ಕಳಿಸುತ್ತಾರೆ.

ಮನೆಯ ರೌಟರ್ ಮಾಡೋದೂ ಇದೇ ಕೆಲಸ. ಮನೆಯ ಎಲ್ಲ ಸಾಧನಗಳೂ ಒಂದೇ ಹೊರವಿಳಾಸ ಹಂಚಿಕೊಳ್ಳುತ್ತವೆ. ಇದಕ್ಕೆ ನ್ಯಾಟ್ ಅಂತ ಹೆಸರು. ಒಳಗಿನಿಂದ ಹೊರಟ ಸಂಪರ್ಕವನ್ನು ರೌಟರ್ ತನ್ನ ಪಟ್ಟಿಯಲ್ಲಿ ಬರೆದುಕೊಂಡು, ಉತ್ತರ ಬಂದಾಗ ಸರಿಯಾದ ಸಾಧನಕ್ಕೆ ಮುಟ್ಟಿಸುತ್ತದೆ. ಹೊರಗಿನಿಂದ ತಾನಾಗಿ ಬಂದದ್ದನ್ನು ಬಿಸಾಕುತ್ತದೆ. ಪೋರ್ಟ್ ಫಾರ್ವರ್ಡಿಂಗ್ ಅಂದರೆ ಗೇಟಿನ ರಿಜಿಸ್ಟರ್‌ನಲ್ಲಿ "8080 ಅಂತ ಕೇಳಿಕೊಂಡು ಯಾರೇ ಬಂದರೂ ಇಂಥ ರೂಮಿಗೆ ಕಳಿಸಿ" ಅಂತ ಮೊದಲೇ ಬರೆಸಿಡೋದು.

ಅಂದಮೇಲೆ ತಪ್ಪು ಎಲ್ಲಾದರೂ ಇರಬಹುದು. ರೂಮಿನಲ್ಲಿ ಆಳೇ ಇಲ್ಲದಿರಬಹುದು, ರಿಜಿಸ್ಟರ್‌ನಲ್ಲಿ ರೂಮ್ ನಂಬರ್ ತಪ್ಪಿರಬಹುದು, ಬಂದವನು ಗೇಟಿನವರೆಗೆ ತಲುಪದೇ ಇರಬಹುದು. ರೂಮಿನಿಂದ ಗೇಟಿನ ಕಡೆಗೆ, ಒಂದೊಂದೇ ಬಾಗಿಲು ನೋಡುತ್ತಾ ಬರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ಹಾಳೆಯಲ್ಲಿ ಬರೆಯಬೇಕು.

ಮೊದಲ ಬಾಗಿಲು: ಲ್ಯಾಪ್‌ಟಾಪ್ ಒಳಗೆ

ಲ್ಯಾಪ್‌ಟಾಪ್ ಆನ್ ಇದೆಯಾ? ನಗಬೇಡಿ. ಹಳೆಯ ಲ್ಯಾಪ್‌ಟಾಪ್‌ಗೆ ಬ್ಯಾಟರಿ ಸತ್ತಿರುತ್ತೆ, ಕರೆಂಟ್ ಹೋದರೆ ಅದೂ ಹೋಗುತ್ತೆ. ಮತ್ತೆ ಆನ್ ಆದಾಗ ನಿಮ್ಮ ಪ್ರೋಗ್ರಾಂ ತಾನಾಗಿ ಶುರುವಾಗುವಂತೆ ಅದನ್ನು ಸಿಸ್ಟಮ್‌ಡಿ ಸರ್ವಿಸ್ ಆಗಿ ಮಾಡಿಟ್ಟಿದ್ದೀರಾ?

ಆಮೇಲೆ ಲ್ಯಾಪ್‌ಟಾಪ್‌ನಲ್ಲೇ ಬ್ರೌಸರ್ ತೆರೆದು 127.0.0.1 ವಿಳಾಸದ 8080ನೇ ಪೋರ್ಟ್‌ಗೆ ಹೋಗಿ ನೋಡಿ. ಪುಟ ಬಂದರೆ ಪ್ರೋಗ್ರಾಂ ಜೀವಂತವಾಗಿದೆ. ಆದರೆ ಅದು ಯಾರ ಮಾತು ಕೇಳಿಸಿಕೊಳ್ಳುತ್ತಿದೆ ಅನ್ನೋದೂ ಮುಖ್ಯ. ಲಿನಕ್ಸ್‌ನ ಎಸ್‌ಎಸ್ ಕಮ್ಯಾಂಡ್ ಯಾವ ಪ್ರೋಗ್ರಾಂ ಯಾವ ವಿಳಾಸದಲ್ಲಿ ಕಿವಿಗೊಟ್ಟಿದೆ ಅಂತ ತೋರಿಸುತ್ತದೆ. ಅಲ್ಲಿ 127.0.0.1 ಅಂತಿದ್ದರೆ ಪ್ರೋಗ್ರಾಂ ಆ ಲ್ಯಾಪ್‌ಟಾಪ್‌ಗೆ ಮಾತ್ರ ಉತ್ತರಿಸುತ್ತೆ, ಪಕ್ಕದ ಫೋನಿಗೂ ಉತ್ತರಿಸಲ್ಲ. 0.0.0.0 ಅಂತಿದ್ದರೆ ಎಲ್ಲ ಕಡೆಯಿಂದಲೂ ಕೇಳುತ್ತಿದೆ ಅಂತ. ಫ್ಲಾಸ್ಕ್‌ನಂಥ ಎಷ್ಟೋ ಫ್ರೇಮ್‌ವರ್ಕ್‌ಗಳು ಡೆವಲಪ್‌ಮೆಂಟ್ ಹೊತ್ತಿನಲ್ಲಿ ಮೊದಲನೆಯದನ್ನೇ ಹಿಡಿಯುತ್ತವೆ. ಇಲ್ಲಿ ಎಡವುವವರು ಬಹಳ.

ಎರಡನೆಯದು: ಮನೆಯ ಒಳಗೆ

ಮನೆಯ ವೈಫೈನಲ್ಲಿರುವ ಬೇರೊಂದು ಫೋನಿನಿಂದ ಲ್ಯಾಪ್‌ಟಾಪ್‌ನ ಒಳವಿಳಾಸಕ್ಕೆ ಹೋಗಿ. ನಾವು 192.168.1.5 ಅಂತ ಕೊಟ್ಟೆವು, ತಂಗಿಯ ಫೋನಿನಲ್ಲಿ ಏನೂ ಬರಲಿಲ್ಲ. ವಿಡಿಯೋ ಕಾಲ್‌ನಲ್ಲಿ ಲ್ಯಾಪ್‌ಟಾಪ್ ಪರದೆ ತೋರಿಸು ಅಂದೆವು. ಅದರ ವಿಳಾಸ 192.168.1.9 ಆಗಿತ್ತು! ಗುರುವಾರ ರಾತ್ರಿ ಕರೆಂಟ್ ಹೋಗಿ ಬಂದಾಗ ರೌಟರ್ ಹೊಸ ವಿಳಾಸ ಹಂಚಿತ್ತು. ಡಿಎಚ್‌ಸಿಪಿಯ ಸ್ವಭಾವವೇ ಅದು, ಇದೇ ವಿಳಾಸ ನಿಮಗೆ ಕಾಯಂ ಅಂತ ಅದು ಮಾತು ಕೊಟ್ಟಿಲ್ಲ.

ಇದರಿಂದ ಇನ್ನೊಂದು ನಷ್ಟವೂ ಆಗಿತ್ತು. ಸ್ಟಾರ್ಟರ್ ಪಕ್ಕದ ಬೋರ್ಡ್ ಪಾಪ, ಹಳೆಯ ವಿಳಾಸಕ್ಕೇ ರೀಡಿಂಗ್ ಕಳಿಸುತ್ತಿತ್ತು. ಗುರುವಾರ ರಾತ್ರಿಯಿಂದ ಶನಿವಾರದವರೆಗಿನ ಡೇಟಾ ಹೋಯ್ತು. ಅದು ಇನ್ನು ಸಿಗಲ್ಲ.

ಪರಿಹಾರ ಸುಲಭ. ರೌಟರ್ ಸೆಟ್ಟಿಂಗ್‌ನಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತೆ. ಲ್ಯಾಪ್‌ಟಾಪ್‌ನ ಮ್ಯಾಕ್ ಅಡ್ರೆಸ್ ಕೊಟ್ಟು, ಇದಕ್ಕೆ ಯಾವಾಗಲೂ 192.168.1.5 ಕೊಡು ಅಂತ ಬರೆಸಿಡಿ. ಸರ್ವರ್ ಇಡುವ ದಿನವೇ ಮಾಡಬೇಕಾದ ಕೆಲಸ ಇದು. ವಿಳಾಸ ಸರಿಯಿದ್ದೂ ಪುಟ ಬರದಿದ್ದರೆ ಲ್ಯಾಪ್‌ಟಾಪ್‌ನ ಫೈರ್‌ವಾಲ್ ನೋಡಿ. ಅದನ್ನು ಪೂರ್ತಿ ತೆಗೆಯಬೇಡಿ, ಬೇಕಾದ ಪೋರ್ಟ್‌ಗೆ ಮಾತ್ರ ಅನುಮತಿ ಕೊಡಿ.

ಮೂರನೆಯದು: ಹೊರಗಿನಿಂದ ತಟ್ಟುವುದು

ಇಲ್ಲಿ ಪರೀಕ್ಷೆ ಮಾಡುವ ಜಾಗವೇ ಮೋಸ ಮಾಡುತ್ತದೆ. ಮನೆಯ ವೈಫೈನಲ್ಲಿ ಕೂತು ಮನೆಯ ಹೊರವಿಳಾಸವನ್ನು ತೆರೆದರೆ ಕೆಲವು ರೌಟರ್‌ಗಳು ಆ ಪ್ಯಾಕೆಟ್ ಅನ್ನು ತಿರುಗಿಸಿ ಒಳಗೆ ಕಳಿಸುವುದಿಲ್ಲ. ಎಲ್ಲ ಸರಿಯಿದ್ದರೂ ಕೆಟ್ಟಿದೆ ಅಂತ ಕಾಣುತ್ತೆ. ಇನ್ನು ಕಾಲೇಜು ವೈಫೈಗಳು ಎಷ್ಟೋ ಕಡೆ 80, 443ರಂಥ ಕೆಲವೇ ಪೋರ್ಟ್‌ಗಳನ್ನು ಹೊರಗೆ ಬಿಡುತ್ತವೆ. ಅಲ್ಲಿ 8080 ಅಥವಾ ಎಸ್‌ಎಸ್‌ಎಚ್‌ನ 22 ಹೊರಡುವ ಮೊದಲೇ ನಿಂತುಬಿಡಬಹುದು. ಹಾಗಾಗಿ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ.

ಬರುವ ಎರರ್ ಅನ್ನು ಓದಿ. "ಕನೆಕ್ಷನ್ ರೆಫ್ಯೂಸ್ಡ್" ಅಂತ ತಕ್ಷಣ ಬಂದರೆ ಸಾಮಾನ್ಯವಾಗಿ ಒಳ್ಳೆಯ ಸುದ್ದಿ. ಪ್ಯಾಕೆಟ್ ಯಾವುದೋ ಒಂದು ಯಂತ್ರದವರೆಗೆ ತಲುಪಿದೆ, ಅದು "ಆ ಪೋರ್ಟ್‌ನಲ್ಲಿ ಯಾರೂ ಇಲ್ಲ" ಅಂತ ಉತ್ತರ ಕೊಟ್ಟಿದೆ. ಬಹಳ ಹೊತ್ತು ಸುತ್ತಿ "ಟೈಮ್ಡ್ ಔಟ್" ಅಂತ ಬಂದರೆ ಪ್ಯಾಕೆಟ್ ದಾರಿಯಲ್ಲೆಲ್ಲೋ ಸದ್ದಿಲ್ಲದೆ ಬಿದ್ದುಹೋಗಿದೆ.

ಎಲ್ಲಿ ಬಿತ್ತು ಅಂತ ತಿಳಿಯಲು ಲ್ಯಾಪ್‌ಟಾಪ್‌ನಲ್ಲಿ ಟಿಸಿಪಿಡಂಪ್ ಓಡಿಸಿ 8080ಕ್ಕೆ ಬರುವ ಪ್ಯಾಕೆಟ್‌ಗಳನ್ನು ನೋಡುತ್ತಿರಿ. ಹೊರಗಿನಿಂದ ಇನ್ನೊಬ್ಬರು ತಟ್ಟಲಿ. ಪರದೆಯಲ್ಲಿ ಸಾಲುಗಳು ಮೂಡಿದರೆ ರೌಟರ್ ತನ್ನ ಕೆಲಸ ಮಾಡಿದೆ, ತೊಂದರೆ ಲ್ಯಾಪ್‌ಟಾಪ್‌ನದು. ಏನೂ ಮೂಡದಿದ್ದರೆ ತೊಂದರೆ ರೌಟರ್‌ನಲ್ಲಿ ಅಥವಾ ಅದಕ್ಕೂ ಆಚೆ.

ನಮಗೆ ಏನೂ ಮೂಡಲಿಲ್ಲ. ರೌಟರ್‌ನ ರೂಲ್ ಮೂರು ಸಲ ನೋಡಿದೆವು, ಎಲ್ಲ ಸರಿಯಿತ್ತು.

ಆಚೆಗೊಂದು ದೊಡ್ಡ ಗೇಟ್

ಆಗ ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಅಂತ ಏನಿದೆ ಓದು ಅಂದೆವು. "ನೂರರಿಂದ ಶುರುವಾಗುತ್ತೆ ಅಣ್ಣಾ. ನೂರು ಡಾಟ್ ಎಪ್ಪತ್ತೆರಡು..." ಅಂದಳು. ಅದೇ ಮನೆಯ ಲ್ಯಾಪ್‌ಟಾಪ್‌ನಲ್ಲಿ ಐಪಿ ತೋರಿಸುವ ಒಂದು ವೆಬ್‌ಸೈಟ್ ತೆರೆಸಿದರೆ ಅಲ್ಲಿ ಬೇರೆಯದೇ ಸಂಖ್ಯೆ. ಎರಡು ದಿನದ ಒದ್ದಾಟಕ್ಕೆ ಉತ್ತರ ಅಲ್ಲಿತ್ತು.

ಐಪಿ ನಾಲ್ಕನೇ ಆವೃತ್ತಿಯ ವಿಳಾಸ 32 ಬಿಟ್‌ನದು. ಒಟ್ಟು ಸುಮಾರು 429 ಕೋಟಿ, ಅಷ್ಟೇ. ಜಾಗತಿಕ ದಾಸ್ತಾನಿನ ಕೊನೆಯ ಕಂತನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಮುಗಿಸಿದ್ದು 2011ರ ಫೆಬ್ರವರಿ 3ರಂದು. ಪ್ರತಿ ಮನೆಗೂ ಒಂದು ಸಾರ್ವಜನಿಕ ವಿಳಾಸ ಕೊಡಲು ಸಾಲದ್ದರಿಂದ ಇಂಟರ್ನೆಟ್ ಕಂಪನಿಗಳು ತಮ್ಮ ಕಡೆಯೂ ಒಂದು ನ್ಯಾಟ್ ಇಟ್ಟು, ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಇದನ್ನು ಸಿಜಿನ್ಯಾಟ್ ಅನ್ನುತ್ತಾರೆ. ಇದಕ್ಕೆಂದೇ 2012ರಲ್ಲಿ 100.64.0.0ಯಿಂದ 100.127.255.255ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ಎತ್ತಿಟ್ಟರು.

ಹಾಸ್ಟೆಲ್ ಲೆಕ್ಕದಲ್ಲಿ ಹೇಳೋದಾದರೆ, ನಮ್ಮ ಗೇಟಿಗಿಂತ ಮುಂಚೆ ಇಡೀ ಬಡಾವಣೆಗೊಂದು ದೊಡ್ಡ ಗೇಟ್ ಇದೆ. ಅಲ್ಲಿನ ರಿಜಿಸ್ಟರ್‌ನಲ್ಲಿ ಬರೆಯುವ ಅಧಿಕಾರ ನಮಗಿಲ್ಲ. ನಮ್ಮ ಗೇಟಿನಲ್ಲಿ ಏನು ಬರೆಸಿದರೂ ಅತಿಥಿ ಅಲ್ಲಿಯವರೆಗೆ ಬರುವುದೇ ಇಲ್ಲ.

ಹಾಗಾಗಿ ಇನ್ನು ಯಾರೇ ಕೇಳಿದರೂ ನಾವು ಹೇಳೋದು ಇದನ್ನೇ: ರೌಟರ್ ರೂಲ್ ಮುಟ್ಟುವ ಮೊದಲು ಈ ಎರಡು ಸಂಖ್ಯೆಗಳನ್ನು ಹೋಲಿಸಿ. ಒಂದೇ ಆಗಿದ್ದರೆ ಪೋರ್ಟ್ ಫಾರ್ವರ್ಡಿಂಗ್‌ಗೆ ದಾರಿ ಇದೆ. ಬೇರೆಯಾಗಿದ್ದರೆ ನಡುವೆ ಇನ್ನೊಂದು ನ್ಯಾಟ್ ಇದೆ. ವ್ಯಾನ್ ಐಪಿ 192.168 ಅಂತ ಶುರುವಾದರೆ ಹೆಚ್ಚಾಗಿ ಫೈಬರ್ ಡಬ್ಬಿಯ ಹಿಂದೆ ನೀವೇ ಹಾಕಿದ ಎರಡನೇ ರೌಟರ್‌ನ ಕತೆ. ಒಂದನ್ನು ಬ್ರಿಡ್ಜ್ ಮೋಡ್‌ಗೆ ಹಾಕಿದರೆ ಮುಗೀತು.

ಹಾಗಾದರೆ ದಾರಿ?

ಒಂದು, ಕಂಪನಿಗೆ ಕೇಳಿ ಸ್ಟ್ಯಾಟಿಕ್ ಐಪಿ ತಗೊಳ್ಳೋದು. ಸಾಮಾನ್ಯವಾಗಿ ಇದಕ್ಕೆ ಬೇರೆ ದುಡ್ಡು ಕೊಡಬೇಕು.

ಎರಡು, ಐಪಿ ಆರನೇ ಆವೃತ್ತಿ. ಇದರ ವಿಳಾಸ 128 ಬಿಟ್‌ನದು, ಕೊರತೆಯೇ ಇಲ್ಲ. ನಮ್ಮ ದೇಶ ಇದರ ಬಳಕೆಯಲ್ಲಿ ಮುಂದಿರುವ ದೇಶಗಳಲ್ಲಿ ಒಂದು. ನಿಮ್ಮ ಸಂಪರ್ಕದಲ್ಲಿ ಇದ್ದರೆ ಲ್ಯಾಪ್‌ಟಾಪ್‌ಗೇ ನೇರ ವಿಳಾಸ ಸಿಗುತ್ತೆ, ನ್ಯಾಟ್ ಬೇಕಿಲ್ಲ. ಆದರೆ ರೌಟರ್‌ನ ಫೈರ್‌ವಾಲ್‌ನಲ್ಲಿ ಅನುಮತಿ ಕೊಡಬೇಕು, ನೋಡುವವರ ಕಡೆಯೂ ಆರನೇ ಆವೃತ್ತಿ ಇರಬೇಕು. ನಮ್ಮ ಕಾಲೇಜು ವೈಫೈನಲ್ಲಿ ಅದು ಬರಲಿಲ್ಲ.

ಮೂರು, ದಿಕ್ಕನ್ನೇ ತಿರುಗಿಸೋದು. ಗೇಟುಗಳು ತಡೆಯೋದು ಒಳಗೆ ಬರುವವರನ್ನು, ಹೊರಗೆ ಹೋಗುವವರನ್ನಲ್ಲ. ಲ್ಯಾಪ್‌ಟಾಪೇ ಮೊದಲು ಹೊರಗೆ ಸಂಪರ್ಕ ಮಾಡಿ ಅದನ್ನು ತೆರೆದಿಟ್ಟುಕೊಂಡರೆ ಅದೇ ದಾರಿಯಲ್ಲಿ ನಾವು ಒಳಗೆ ಹೋಗಬಹುದು. ಕ್ಲೌಡ್‌ನಲ್ಲಿ ಒಂದು ಸಣ್ಣ ಯಂತ್ರ ಬಾಡಿಗೆಗೆ ತಗೊಂಡು ರಿವರ್ಸ್ ಎಸ್‌ಎಸ್‌ಎಚ್ ಅಥವಾ ವೈರ್‌ಗಾರ್ಡ್ ಹಾಕಬಹುದು. ನಾವು ಸಮಯವಿಲ್ಲದೆ, ವೈರ್‌ಗಾರ್ಡ್ ಮೇಲೆಯೇ ಕಟ್ಟಿರುವ ಟೇಲ್‌ಸ್ಕೇಲ್ ಬಳಸಿದೆವು. ತಂಗಿ ಇನ್‌ಸ್ಟಾಲ್ ಮಾಡಿದಳು, ಪರದೆಯಲ್ಲಿ ಬಂದ ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಳು, ನಾವು ಇಲ್ಲಿಂದ ಒಪ್ಪಿಗೆ ಕೊಟ್ಟೆವು. ಅದೂ ಕೂಡ 100ರಿಂದ ಶುರುವಾಗುವ ವಿಳಾಸವನ್ನೇ ಕೊಡುತ್ತದೆ. ಮೇಲೆ ಹೇಳಿದ ಶ್ರೇಣಿಯನ್ನೇ ಅದು ತನ್ನ ಒಳಬಳಕೆಗೆ ತಗೊಂಡಿದೆ, ಗೊಂದಲ ಮಾಡ್ಕೋಬೇಡಿ. ಆ ವಿಳಾಸದಲ್ಲಿ 8080 ತೆರೆದ ಕೂಡಲೇ ಗ್ರಾಫ್ ಬಂತು. ಶನಿವಾರ ಮಧ್ಯಾಹ್ನ ಮೆಸ್ ಮುಚ್ಚುವ ಹೊತ್ತಾಗಿತ್ತು.

ಬಾಗಿಲು ತೆಗೆದವರು ಚಿಲಕವನ್ನೂ ನೋಡಬೇಕು

ಸಿಜಿನ್ಯಾಟ್ ಇಲ್ಲದಿದ್ದರೆ ಶುಕ್ರವಾರ ರಾತ್ರಿ ನಾವು ಫೈರ್‌ವಾಲ್ ತೆಗೆಸಿದ್ದಕ್ಕೆ ಏನಾಗುತ್ತಿತ್ತು ಅಂತ ಆಮೇಲೆ ಯೋಚಿಸಿದೆವು. ಇಂಟರ್ನೆಟ್‌ಗೆ ತೆರೆದ ಪೋರ್ಟ್‌ಗಳನ್ನು ಬಾಟ್‌ಗಳು ಹಗಲು ರಾತ್ರಿ ಹುಡುಕುತ್ತಿರುತ್ತವೆ. ನಮ್ಮ ಪುಟಕ್ಕೆ ಪಾಸ್‌ವರ್ಡ್ ಇರಲಿಲ್ಲ. ಅದೇ ವೈಫೈನಲ್ಲಿ ಅವರಮ್ಮನ ಫೋನೂ ಇತ್ತು.

ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ ಕೀ ಬಳಸಿ. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಕೆಲಸ ಆಗ್ತಿಲ್ಲ ಅಂತ ಡಿಎಮ್‌ಝಡ್ ಆನ್ ಮಾಡಬೇಡಿ, ಅದು ಗೇಟನ್ನೇ ಕಿತ್ತು ಬಿಸಾಕಿದ ಹಾಗೆ. ಪರೀಕ್ಷೆಗೆ ಅಂತ ತೆರೆದದ್ದನ್ನೆಲ್ಲ ಹಾಳೆ ನೋಡಿ ಮುಚ್ಚಿ. ನಾವು ಹಾಳೆಯಲ್ಲಿ ಬರೆದದ್ದು ಇಲ್ಲಿ ಕೆಲಸಕ್ಕೆ ಬಂತು.

ಸೋಮವಾರದ ರಿವ್ಯೂ ಆಯ್ತು. ಗ್ರಾಫ್‌ನಲ್ಲಿ ಗುರುವಾರ ರಾತ್ರಿಯಿಂದ ಶನಿವಾರದವರೆಗೆ ಖಾಲಿ ಜಾಗ ಇತ್ತು. ಗೈಡ್ ಅದರ ಮೇಲೆಯೇ ಬೆರಳಿಟ್ಟು "ಇದೇನು?" ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು. ಉಳಿದ ಸಮಯವೆಲ್ಲ ಅದರ ಬಗ್ಗೆಯೇ ಮಾತಾಯ್ತು.

ಗೆಳೆಯನ ಅಪ್ಪ ಈಗ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ನಿಂತೇ ಫೋನ್ ತೆಗೆದು ಕರೆಂಟ್ ಬಂತಾ ಅಂತ ನೋಡ್ತಾರಂತೆ. ರಾತ್ರಿ ಮಾತ್ರ ಇನ್ನೂ ಒಂದು ಸಲ ಎದ್ದು ತೋಟಕ್ಕೆ ಹೋಗಿ ಬರ್ತಾರೆ. ಆ ಎರಡು ದಿನದ ಖಾಲಿ ಜಾಗ ಅವರೂ ನೋಡಿದ್ದಾರೆ. ಮುಂದಿನ ರಜೆಯಲ್ಲಿ ಲ್ಯಾಪ್‌ಟಾಪ್‌ಗೊಂದು ಸಣ್ಣ ಯುಪಿಎಸ್ ಹಾಕಿ ಬರಬೇಕು.