ಜವಾರಿ ದನಿಗೊಂದು ಬಾಡಿಗೆ ಕೋಣೆ

ಧಾರವಾಡದ ಸಪ್ತಾಪುರದಲ್ಲಿ ಗೇಟೊಂದಕ್ಕೆ ರಟ್ಟಿನ ತುಂಡು ಕಟ್ಟಿದ್ದರು. ‘ರೂಮ್ ಬಾಡಿಗೆಗೆ ಇದೆ. ಓದುವವರಿಗೆ ಮಾತ್ರ.’ ನನ್ನ ಜೊತೆ ಕೊಡೆ ಹಿಡಿದು ನಡೆಯುತ್ತಿದ್ದ ಹುಡುಗಿ ಅದನ್ನು ನೋಡಿ ನಕ್ಕಳು. ಹೋದ ವರ್ಷ ಬೀದರ್ ಕಡೆಯಿಂದ ರಾತ್ರಿ ಬಸ್ಸಿಗೆ ಬಂದಿಳಿದು, ಅಪ್ಪನೊಂದಿಗೆ ಇಂಥದೇ ಗೇಟಿನ ಮುಂದೆ ನಿಂತಿದ್ದಳಂತೆ. ಮಾಲಕರು ಒಳಗೆ ಕರೆದು, ಚಹಾ ಕೊಟ್ಟು, ಊರುಕೇರಿ ವಿಚಾರಿಸಿ, ಕೊನೆಗೆ ಕೇಳಿದರು:

‘ಏನ್ ಓದ್ತೀಯವಾ?’

‘ಎಂ.ಎ. ಮ್ಯೂಸಿಕ್ ರೀ.’

‘ಅದು ಹಾಡೂದಾತು. ಓದೂದೇನು?’

ಚಹಾ ಮುಗಿಸಿ ಅಪ್ಪ, ಮಗಳು ಎದ್ದು ಬಂದರು. ಆ ದಿನ ಇನ್ನೂ ಆರು ಮನೆ ನೋಡಿದರು. ಒಬ್ಬರು ತಬಲಾ ಇಲ್ಲದಿದ್ದರೆ ಅಡ್ಡಿಯಿಲ್ಲ ಎಂದರು, ಇನ್ನೊಬ್ಬರು ಹಾಡುವುದಿದ್ದರೆ ಬಾಯಿ ಮುಚ್ಚಿಕೊಂಡು ಹಾಡಬೇಕು ಎಂದರು. ಎರಡನೆಯದನ್ನು ಹೇಳುವಾಗ ಆಕೆಗೆ ಈಗಲೂ ನಗು ತಡೆಯುವುದಿಲ್ಲ.

ವೇದಿಕೆ ಹತ್ತಿದವರೆಲ್ಲ ‘ಸಂಗೀತದ ತವರು’ ಎಂದೇ ಭಾಷಣ ಶುರು ಮಾಡುವ ಊರಿನಲ್ಲಿ ಇದೇನು ಗತಿ ಎಂದು ನನಗೂ ಮೊದಲು ಸಿಟ್ಟು ಬಂತು. ಆದರೆ ಸಪ್ತಾಪುರದ ರಸ್ತೆಗಳಲ್ಲಿ ಅರ್ಧ ಗಂಟೆ ನಡೆದರೆ ಮಾಲಕರ ಪಾಡೂ ತಿಳಿಯುತ್ತದೆ. ಕಂಬ ಕಂಬಕ್ಕೂ ಕೋಚಿಂಗ್ ಕ್ಲಾಸಿನ ಫ್ಲೆಕ್ಸು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಬ್ಯಾಂಕು. ಪಾಸಾದವರ ಸಾಲು ಸಾಲು ಮುಖ. ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಬಂದ ಹುಡುಗರು ಇಲ್ಲಿ ಬೆಳಗಿನಿಂದ ರಾತ್ರಿವರೆಗೆ ರೀಡಿಂಗ್ ರೂಮುಗಳಲ್ಲಿ ತಲೆ ತಗ್ಗಿಸಿ ಕೂತಿರುತ್ತಾರೆ. ಒಬ್ಬರು ಬೆಳಿಗ್ಗೆ ಐದಕ್ಕೆ ಖರ್ಜ (ಕೆಳಗಿನ ‘ಸಾ’) ಹಿಡಿದರೆ ಪಕ್ಕದ ಮೂರು ಕೋಣೆ ತಿಂಗಳೊಳಗೆ ಖಾಲಿ. ಈ ಪೇಟೆಯಲ್ಲಿ ಮೌನಕ್ಕೆ ಬಾಡಿಗೆ ಇದೆ, ದನಿಗೆ ಇಲ್ಲ.

ಊರಿನ ಇತಿಹಾಸ ಹೇಳದೆ ಮುಂದೆ ಹೋದರೆ ಸಂಪಾದಕರು ಬಿಡುವುದಿಲ್ಲ, ಹಾಗಾಗಿ ಒಂದೇ ಉಸಿರಿನಲ್ಲಿ: ಮೈಸೂರು ದರ್ಬಾರಿಗೆ ಹೊರಟ ಅಬ್ದುಲ್ ಕರೀಂ ಖಾನರಂಥ ಉಸ್ತಾದರು ದಾರಿಯಲ್ಲಿ ಈ ಸೀಮೆಯಲ್ಲಿ ಇಳಿದು ಪಾಠ ಹೇಳಿದರು, ಅವರ ಶಿಷ್ಯ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾದರು. ಸಿತಾರದ ರಹಿಮತ್ ಖಾನರು ಇಲ್ಲೇ ನೆಲೆಸಿ ಮನೆತನವನ್ನೇ ಕಟ್ಟಿದರು. ಕರ್ನಾಟಕ ಕಾಲೇಜು ಹುಟ್ಟಿದ್ದು 1917ರಲ್ಲಿ, ಆಕಾಶವಾಣಿ ನಿಲಯ ಬಂದದ್ದು 1950ರಲ್ಲಿ. ಪಕ್ಕದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನಸೂರರು ಬಾಳಿದ ಮನೆ ‘ಮೃತ್ಯುಂಜಯ’ ಈಗ ಸ್ಮಾರಕ. ಬಸವರಾಜ ರಾಜಗುರು ಅವರೂ ಈ ಊರಿನವರಾಗಿಯೇ ಬಾಳಿದರು. ಇಷ್ಟನ್ನು ಯಾವ ಕೈಪಿಡಿಯಾದರೂ ಹೇಳುತ್ತದೆ.

ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಇರದ ಸಂಗತಿಯೆಂದರೆ, ಇವರಲ್ಲಿ ಬಹುತೇಕರು ಪಾಠಕ್ಕಾಗಿ ಗಂಟುಮೂಟೆ ಕಟ್ಟಿದವರೇ. ಮನಸೂರರು ಹುಡುಗರಾಗಿದ್ದಾಗಲೇ ಮೀರಜಿಗೆ ಹೋಗಿ ನೀಲಕಂಠಬುವಾ ಅವರ ಬಳಿ ಕಲಿತರು, ಆಮೇಲೆ ಮುಂಬಯಿಯಲ್ಲಿ ಮಂಜೀಖಾನರ ಶಿಷ್ಯರಾದರು. ಗಂಗೂಬಾಯಿ ಹಾನಗಲ್ ಹುಟ್ಟಿದ್ದು ಧಾರವಾಡದಲ್ಲಿ. ಆಕೆಯ ಹಿಂದುಸ್ತಾನಿ ಪಾಠಕ್ಕಾಗಿ 1928ರಲ್ಲಿ ಮನೆಯವರೆಲ್ಲ ಹುಬ್ಬಳ್ಳಿಗೆ ಎದ್ದು ಹೋದರು. ಅಲ್ಲಿಂದ ಆಕೆ ರೈಲು ಹತ್ತಿ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಬಳಿ ಪಾಠಕ್ಕೆ ಹೋಗುತ್ತಿದ್ದರು. ಭೀಮಸೇನ ಜೋಶಿಯವರಂತೂ ಮನೆ ಬಿಟ್ಟು ಓಡಿಯೇ ಹೋದರು. ಅಂದರೆ ಬೀದರಿನ ಈ ಹುಡುಗಿ ಹೊಸದೇನೂ ಮಾಡಿಲ್ಲ. ವ್ಯತ್ಯಾಸ ಇಷ್ಟೇ: ಆಗ ಹೆಚ್ಚಿನ ಶಿಷ್ಯರು ಗುರುವಿನ ಮನೆಯಲ್ಲೇ ಉಳಿದು ನೀರು ಹೊತ್ತು ಕಲಿಯುತ್ತಿದ್ದರು, ಈಗ ಕಲಿಯುವುದು ಒಂದು ಕಡೆ, ಉಳಿಯುವುದು ಇನ್ನೊಂದು ಕಡೆ, ಬಾಡಿಗೆ ದುಡಿಯುವುದು ಮೂರನೆಯ ಕಡೆ.

ಕೊನೆಗೆ ಆಕೆಗೆ ಕೋಣೆ ಸಿಕ್ಕಿದ್ದು ಮಾಳಮಡ್ಡಿಯ ಹಳೆಯ ಹಂಚಿನ ಮನೆಯ ಹಿತ್ತಿಲಲ್ಲಿ. ಮನೆಯ ಅಜ್ಜಿ ನಿವೃತ್ತ ಶಾಲಾ ಶಿಕ್ಷಕಿ. ಷರತ್ತುಗಳು ಬಾಯಿಪಾಠ: ಮಧ್ಯಾಹ್ನ ಒಂದರಿಂದ ನಾಲ್ಕು ಸದ್ದಿಲ್ಲ, ರಾತ್ರಿ ಎಂಟರ ಮೇಲೆ ಇಲ್ಲ, ಬೆಳಿಗ್ಗೆ ಬೇಕಾದರೆ ‘ಸಾವಕಾಶ’. ತಾರ ಸಪ್ತಕಕ್ಕೆ ಇದರಲ್ಲಿ ಜಾಗವಿಲ್ಲ. ಆದರೆ ಅಜ್ಜಿ ಹತ್ತೂವರೆಗೆ ಶೇಂಗಾ ಚಟ್ನಿಗೆ ಮಿಕ್ಸರ್ ಹಚ್ಚುತ್ತಾರೆ. ಆ ಸದ್ದಿನ ಮರೆಯಲ್ಲಿ ಈಕೆ ತಾನ್‌ಗಳನ್ನು ಮುಗಿಸುತ್ತಾಳೆ. ‘ಆಯತವಾರ ಇಡ್ಲಿ ಹಿಟ್ಟು ರುಬ್ಬತಾರ ರೀ, ಆ ದಿನ ದ್ರುತ್ ಪೂರಾ ಆಗ್ತದ.’ ಬಾಯಿ ತುಂಬ ಹಾಡಬೇಕೆನ್ನಿಸಿದಾಗ ಕೆಲಗೇರಿ ಕೆರೆಯ ದಂಡೆ ಇದೆ. ಅಲ್ಲಿ ವಾಕಿಂಗ್ ಬಂದವರು ನಿಂತು ‘ಯಾವ ಸಿನಿಮಾದ್ದು?’ ಎಂದು ಕೇಳುತ್ತಾರೆ.

ಎಂ.ಎ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪ್ರಾಯೋಗಿಕ, ಶಾಸ್ತ್ರ, ಭಾತಖಂಡೆಯವರ ಹತ್ತು ಥಾಟು, ಕೊನೆಗೆ ವೇದಿಕೆಯ ಮೇಲೆ ಪರೀಕ್ಷೆ. ಅದರ ಬಗ್ಗೆ ಹೆಚ್ಚೇನೂ ಹೇಳಲಾರೆ. ನಾನು ಹೋದ ದಿನ ತರಗತಿ ಇರಲಿಲ್ಲ. ಸಂಗೀತ ಕಲಿಯುವ ಹುಡುಗರು ಮಾತಾಡಿದ್ದೆಲ್ಲ ದುಡಿಮೆಯ ಬಗ್ಗೆಯೇ. ಈ ದುಡಿಮೆಗೊಂದು ಪಂಚಾಂಗವಿದೆ. ಆಷಾಢ ಬರಗಾಲ: ಮದುವೆಯಿಲ್ಲ, ಮುಂಜಿಯಿಲ್ಲ. ಶ್ರಾವಣ ಬಂತೆಂದರೆ ಮಠಗಳಲ್ಲಿ ಪುರಾಣ, ಪ್ರವಚನ, ವಚನಗಾಯನ. ತಿಂಗಳಿಡೀ ಪೇಟಿ (ಹಾರ್ಮೋನಿಯಂ), ತಬಲಾದವರಿಗೆ ಪುರುಸೊತ್ತಿಲ್ಲ. ಗಣಪತಿ, ದಸರೆ ದಾಟಿದರೆ ನವೆಂಬರಿನಲ್ಲಿ ರಾಜ್ಯೋತ್ಸವ. ಆಮೇಲೆ ಬೇಸಿಗೆವರೆಗೆ ಜಾತ್ರೆ, ಮದುವೆ. ನಡುವೆ ಭರತನಾಟ್ಯದ ರಂಗಪ್ರವೇಶಕ್ಕೆ ಸಾಥ್, ಶಾಲೆಗಳ ಗ್ಯಾದರಿಂಗಿಗೆ ಸ್ವಾಗತಗೀತೆ. ಆಕಾಶವಾಣಿಯ ಆಡಿಷನ್ನಿನಲ್ಲಿ ‘ಬಿ’ ಗ್ರೇಡ್ ಸಿಕ್ಕರೆ ಹೆಸರಿನ ಮುಂದೆ ಬರೆದುಕೊಳ್ಳಲು ಒಂದು ಸಾಲು.

ಆಷಾಢದಲ್ಲೂ ನಿಲ್ಲದ ಆದಾಯ ಆನ್‌ಲೈನ್ ಪಾಠದ್ದು. ಬೀದರಿನ ಹುಡುಗಿಗೆ ಅಮೆರಿಕದಲ್ಲಿ ಮೂವರು ಶಿಷ್ಯರು, ಎಲ್ಲರೂ ಕನ್ನಡದ ಮನೆಯ ಮಕ್ಕಳು. ಅಲ್ಲಿ ಶಾಲೆ ಮುಗಿದ ಸಂಜೆ ಎಂದರೆ ಇಲ್ಲಿ ಬೆಳಗಿನ ಐದೂವರೆ. ಕಿಟಕಿಗೆ ರಗ್ಗು ಹೊದಿಸಿ, ಮೊಬೈಲನ್ನು ಡಬ್ಬಿಗೆ ಆನಿಸಿ ಕೂತು, ಕೋಳಿ ಕೂಗುವ ಹೊತ್ತಿನಲ್ಲಿ ಸಂಜೆಯ ರಾಗ ಯಮನ್ ಹೇಳಿಕೊಡುತ್ತಾಳೆ. ಆ ಮಕ್ಕಳಿಗೆ ಅದು ಸರಿಯಾದ ವೇಳೆಯೇ, ಹೊರಗೆ ಸೂರ್ಯ ಇಳಿಯುತ್ತಿರುತ್ತಾನೆ. ಇವಳ ಬೆಳಗಿನ ಭೈರವದ ಹೊತ್ತು ಮಾತ್ರ ಡಾಲರಿಗೆ ಹೋಗುತ್ತದೆ. ‘ನಮ್ಮ ಗುರುಗಳ ಮುಂದ ಇದನ್ನ ಹೇಳಿಲ್ಲ ರೀ,’ ಎಂದು ದನಿ ತಗ್ಗಿಸಿದಳು.

ಕೊಪ್ಪಳದ ಕಡೆಯ ತಬಲಾ ಹುಡುಗನ ತಕರಾರು ಬೇರೆ. ಖಾನಾವಳಿಯಲ್ಲಿ ಜೋಳದ ರೊಟ್ಟಿ ಮುರಿಯುತ್ತ ಲೆಕ್ಕ ಒಪ್ಪಿಸಿದ. ಒಂದು ವರ್ಷದಲ್ಲಿ 14 ಶಾಲು, ಒಂಬತ್ತು ನೆನಪಿನ ಕಾಣಿಕೆ, ಹಣ್ಣಿನ ಬುಟ್ಟಿಗಳು ಲೆಕ್ಕವಿಲ್ಲ. ರೊಕ್ಕದ ಮಾತು ತೆಗೆದರೆ ಸಂಘಟಕರು ‘ವೇದಿಕೆ ಕೊಟ್ಟೀವಲ್ಲ’ ಅನ್ನುತ್ತಾರೆ. ‘ವೇದಿಕಿ ಮನಿಗೆ ಒಯ್ಯಾಕ ಬರ್ತದೇನ್ರೀ? ಶಾಲು ಕೊಟ್ರ ಬಾಡಿಗಿ ಮುರಕೋತಾರೇನು?’ ಶಾಮಿಯಾನಾದವರಿಗೆ, ಮೈಕಿನವರಿಗೆ, ಅಡಿಗೆಯವರಿಗೆ ಮುಂಗಡ ಕೊಡುವ ಜನವೇ ಕಲಾವಿದರ ಸರದಿ ಬಂದಾಗ ಕೈಮುಗಿಯುವುದನ್ನು ನಾನೂ ಕಂಡಿದ್ದೇನೆ. ಪತ್ರಿಕೆಗೆ ಬರೆಯುವವರಿಗೆ ಈ ಕೈಮುಗಿತದ ಪರಿಚಯ ಕಡಿಮೆಯೇನಲ್ಲ.

ಮಧ್ಯಾಹ್ನದ ಮೇಲೆ ಮಳೆ ಹಿಡಿದುಕೊಂಡಿತು. ಧಾರವಾಡದ ಆಷಾಢದ ಮಳೆ ಬೀಳುವುದಿಲ್ಲ, ಜಿನುಗುತ್ತದೆ. ಬಿಸಿಲುನಾಡಿನಿಂದ ಬಂದ ಗಂಟಲುಗಳು ಮೊದಲ ವರ್ಷ ಕಟ್ಟಿಕೊಂಡೇ ಇರುತ್ತವಂತೆ. ತಬಲಾದ ಚರ್ಮ ಸಡಿಲಾಗುತ್ತದೆ, ತಂಬೂರಿಯ ಶ್ರುತಿ ನಿಲ್ಲುವುದಿಲ್ಲ. ಹಾಗೆ ಕೆಟ್ಟು ರಿಪೇರಿಗೆ ಕೊಟ್ಟಿದ್ದ ತಂಬೂರಿಯೊಂದನ್ನು ತರಲಿಕ್ಕೆಂದೇ ಹುಡುಗಿ ಪೇಟೆಯ ಒಳ ಓಣಿಯ ಅಂಗಡಿಗೆ ಹೊರಟಿದ್ದಳು. ನಾನು ಬೆನ್ನುಹತ್ತಿದೆ. ಹತ್ತು ನಿಮಿಷಕ್ಕೆಂದು ಹೋದವನು ಎರಡು ತಾಸು ಕೂತೆ.

ಅಂಗಡಿಯೆಂದರೆ ಎರಡು ಮಂಚ ಹಿಡಿಯುವಷ್ಟು ಜಾಗ. ಗೋಡೆಗೆ ಹೊಟ್ಟೆ ಬಿಚ್ಚಿದ ಪೇಟಿಗಳು, ಮೂಲೆಯಲ್ಲಿ ಒಡೆದ ಸೋರೆ ಬುರುಡೆ, ಅರಗು, ಸರೇಸಿನ ವಾಸನೆ. ಎಪ್ಪತ್ತು ದಾಟಿದ ಚಾಚಾ ಕನ್ನಡಕದ ಮೇಲಿಂದ ನೋಡಿ, ‘ಬಾ ತಂಗಿ. ಕುಂದರ್ರಿ ಸಾಹೇಬ್ರ,’ ಎಂದು ಪೇಟಿಯ ಖಾಲಿ ಪೆಟ್ಟಿಗೆಯನ್ನೇ ನನ್ನತ್ತ ದೂಡಿದರು. ಕೆಲಸ ಕಲಿತದ್ದು ಮೀರಜಿನಲ್ಲಿ, ತಂಬೂರಿ, ಸಿತಾರ ಮಾಡುವವರ ಕೈಕೆಳಗೆ. ಬುರುಡೆ ಬರುವುದು ಪಂಢರಪುರದ ಕಡೆಯ ಹೊಲಗಳಿಂದ. ‘ಈಗಿನ ಹುಡುಗೂರಿಗೆ ತಂಬೂರಿ ಅಂದ್ರ ಮೊಬೈಲ್‌ನ್ಯಾಗಿನ ಚಿತ್ರ,’ ಎಂದು ಶುರುವಾದವರು ನಿಲ್ಲಲೇ ಇಲ್ಲ. ಕೈಯೂ ನಿಲ್ಲಲಿಲ್ಲ ಎನ್ನಬೇಕು.

ತಂಬೂರಿಯ ತಂತಿಗಳು ಹಾಯುವ ಅಗಲ ಪಟ್ಟಿಗೆ ಕುದುರೆ ಎನ್ನುತ್ತಾರೆ. ಕಣ್ಣಿಗೆ ಸಪಾಟು. ಬೆರಳಾಡಿಸಿದರೆ ಮಾತ್ರ ಸಣ್ಣ ಇಳಿಜಾರು ತಿಳಿಯುತ್ತದೆ. ತಂತಿ ಆ ಇಳಿಜಾರನ್ನು ಸವರುತ್ತ ಮಿಡಿದಾಗಲೇ ಝೇಂಕಾರ. ಅದಕ್ಕೆ ಜವಾರಿ ಎಂದು ಹೆಸರು. ವರ್ಷಗಟ್ಟಲೆ ಉಜ್ಜಿ ಉಜ್ಜಿ ತಂತಿ ಕುದುರೆಯಲ್ಲಿ ಗೆರೆ ಕೊರೆಯುತ್ತದೆ, ದನಿ ಕಿವುಡಾಗುತ್ತದೆ. ಆಗ ಅರದಿಂದ ಎರಡು ಎಳೆತ, ಮರಳು ಕಾಗದದಿಂದ ನಾಲ್ಕು, ತಂತಿ ಏರಿಸಿ ಮೀಟಿ ಕೇಳುವುದು, ಮತ್ತೆ ಇಳಿಸುವುದು. ಚಾಚಾ ಇದನ್ನು ನನ್ನ ಕಣ್ಣೆದುರು ಹನ್ನೊಂದು ಸಲ ಮಾಡಿದರು. ನನಗೆ ಮೂರನೆಯ ಸಲಕ್ಕೇ ಚೆನ್ನಾಗಿ ಕೇಳಿತ್ತು. ಹುಡುಗಿ ಮಾತ್ರ ಕಣ್ಣು ಮುಚ್ಚಿ ಕೂತು, ‘ಖರ್ಜ ಇನ್ನೂ ಬಾಯಿ ಬಿಡ್ತಿಲ್ಲ ಚಾಚಾ,’ ಎನ್ನುತ್ತಿದ್ದಳು.

‘ಜವಾರಿ ಅಂದ್ರ ಗೊತ್ತಿಲ್ಲೇನ್ರೀ? ಜವಾರಿ ಬದನಿಕಾಯಿ, ಜವಾರಿ ಕೋಳಿ, ಹಂಗ ಇದು,’ ಎಂದರು ನನಗೆ. ಎರಡು ಮಾತಿಗೂ ಮೂಲ ಒಂದೇನೋ, ಪಂಡಿತರನ್ನು ಕೇಳಬೇಕು. ಚಾಚಾ ಹೇಳಿದ ಮೇಲೆ ಕೇಳುವ ಮನಸ್ಸಾಗಲಿಲ್ಲ. ಕೊನೆಗೆ ಒಂದು ಹತ್ತಿ ದಾರವನ್ನು ತಂತಿಯ ಅಡಿಗೆ ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರು. ಒಂದು ಜಾಗದಲ್ಲಿ ಮಂದವಾಗಿದ್ದ ದನಿ ತಟ್ಟನೆ ಅರಳಿತು. ‘ಇದ ಜೀವಾಳ ನೋಡ್ರಿ. ನೀವು ಪೇಪರಿನ್ಯಾಗ ಬರೀತೀರಲ್ಲ, ಅದರ ಜೀವಾಳ ಇದರ ಜೀವಾಳ ಅಂತ. ಈ ದಾರ ಅದು.’ ಮೂವತ್ತು ವರ್ಷದಿಂದ ಆ ಪದ ಬಳಸುತ್ತಿರುವ ನನ್ನ ಕೈಗೆ ಅವರು ಮಿಕ್ಕ ದಾರದ ತುಂಡನ್ನು ಇಟ್ಟರು.

ಎಲೆಕ್ಟ್ರಾನಿಕ್ ತಂಬೂರಿ ಬಂದದ್ದು 1970ರ ದಶಕದ ಕೊನೆಗೆ. ರೂಪಿಸಿದವರು ಬೆಂಗಳೂರಿನ ಕೊಳಲು ವಾದಕ, ಎಂಜಿನಿಯರ್ ಜಿ. ರಾಜನಾರಾಯಣ್. ಚಾಚಾಗೆ ಅದರ ಮೇಲೂ ದ್ವೇಷವಿಲ್ಲ. ಪ್ರವಾಸ ಮಾಡುವವರಿಗೆ ಬೇಕು, ಬಸ್ಸಿನಲ್ಲಿ ಬುರುಡೆ ಒಡೆಯುವುದು ತಪ್ಪಿತು ಎಂದರು. ಅವರ ಹೊಟ್ಟೆ ತುಂಬಿಸುವುದು ಈಗ ಪೇಟಿ, ಅದೂ ಭಜನಾ ಮಂಡಳಿಗಳ ಪೇಟಿ. ಸ್ವರ ಏರಿಸಬೇಕಾದರೆ ಹಿತ್ತಾಳೆ ಪಟ್ಟಿಯ ತುದಿ ಕೆರೆಯಬೇಕು, ಇಳಿಸಬೇಕಾದರೆ ಬುಡ. ಹೆಚ್ಚು ಕೆರೆದರೆ ಪಟ್ಟಿ ಮುರಿಯುತ್ತದೆ. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಪೇಟಿಗೆ ಪ್ರವೇಶವಿರಲಿಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ನುಡಿಯದ ಪರದೇಶಿ ವಾದ್ಯವೆಂದು. ಧಾರವಾಡ ನಿಲಯ ಶುರುವಾದಾಗಲೂ ಆ ಬಾಗಿಲು ಮುಚ್ಚಿಯೇ ಇತ್ತು. ‘ಆವಾಗ ಪೇಟಿ ಹೊರಗ, ತಂಬೂರಿ ಒಳಗ. ಈಗ ಪೇಟಿ ಒಳಗ. ತಂಬೂರಿ ಎಲ್ಲೈತಿ ನೀವ ಹುಡುಕ್ರಿ.’ ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಅದನ್ನು ಹೇಳುವಾಗ ಮಾತ್ರ ಅರ ಕೆಳಗಿಟ್ಟರು.

ಮಜೂರಿಯ ಮಾತು ಬಂತು. ಹುಡುಗಿ ಅರ್ಧ ಕೊಟ್ಟು, ‘ಉಳಿದದ್ದು ಶ್ರಾವಣ ಆದ ಮ್ಯಾಲೆ ಚಾಚಾ,’ ಎಂದಳು.

‘ಯಾವ ಶ್ರಾವಣ, ಅದನ್ನಷ್ಟು ಹೇಳು.’

ಹಳೇ ಸೀರೆಯಲ್ಲಿ ಸುತ್ತಿದ ತಂಬೂರಿಯನ್ನು ಆಟೋದಲ್ಲಿ ಮಲಗಿಸಿದರೆ ಬುರುಡೆಗೇ ಮುಕ್ಕಾಲು ಸೀಟು ಹೋಯಿತು. ನಾನು ಚಾಲಕನ ಪಕ್ಕ ಒಂದು ತೊಡೆ ಊರಿ ಕೂತೆ, ಕೈಯಲ್ಲಿ ಲೈನ್ ಬಜಾರಿನ ಪೇಢೆ. ಮಾಳಮಡ್ಡಿಯಲ್ಲಿ ಮಳೆ ತುಸು ನಿಂತಿತ್ತು. ಅಜ್ಜಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಸೀರೆ ಉಟ್ಟ ತಂಬೂರಿಯನ್ನು ಬುಡದಿಂದ ತುದಿಯವರೆಗೆ ನೋಡಿದರು.

‘ಇದೇನವಾ, ಮೊಬೈಲಿಗಿಂತ ಜೋರ ಕೇಳ್ತದೇನು?’

‘ಇಲ್ಲಜ್ಜಿ, ಕಡಿಮಿ.’

‘ಹಂಗಾದ್ರ ನೆನೀಲಾರದಂಗ ಒಳಗ ತಗೊಂಡ್ ಬಾ.’